ಮಣ್ಣು ತಿಂದ ಫ್ರಾಕು

ನಾನು, ಬೀದಿಯವರೆಲ್ಲ ಕತ್ತರಿಯಕ್ಕ ಎಂದು ಕರೆಯುವವಳು, ವಯಸ್ಸು ಅರವತ್ತೆರಡು, ಕಸುಬು ಹೊಲಿಗೆ, ವಾಸ ಮುಚ್ಚಿದ ಲಾಂಡ್ರಿಯ ಎದುರಿನ ಕಟ್ಟಡದ ಮೂರನೇ ಮಹಡಿ, ಈ ದಿನ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಯಲ್ಲಿ ಕುಳಿತು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದೇನೆಂದರೆ:

ಲಾಂಡ್ರಿಯ ಹಿಂದೆ ನಲವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಜಾಗವಿದೆ. ಎರಡು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾವು ಬೀದಿಯವರು ಅಲ್ಲಿ ಸೇರುತ್ತೇವೆ. ಮೊದಲು ಒಂದು ಗಂಟೆ ಗಿಡಗಳ ಆರೈಕೆ. ಆಮೇಲೆ ಅಲ್ಲೇ ಸಿಕ್ಕಿದ ಎಲೆ, ಹೂವು, ಬಳ್ಳಿ, ಜೇಡಿಮಣ್ಣಿನಿಂದ ಏನಾದರೂ ಮಾಡುತ್ತೇವೆ. ಬುಟ್ಟಿ ಹೆಣೆಯುತ್ತೇವೆ. ಬಟ್ಟೆಯ ಮೇಲೆ ಎಲೆಯಿಟ್ಟು ಸುತ್ತಿಗೆಯಿಂದ ಬಡಿದು ಅದರ ಅಚ್ಚು ತೆಗೆಯುತ್ತೇವೆ. ಇದಕ್ಕೆ ಕಾರ್ಯಾಗಾರ ಎಂದು ದೊಡ್ಡ ಹೆಸರಿಟ್ಟವರು ಶಾಲೆಯಿಂದ ನಿವೃತ್ತರಾದ ವಿಜ್ಞಾನದ ಟೀಚರು. ಉಳಿದವರು ತೋಟಕ್ಕೆ ಹೋಗಿ ಬರುತ್ತೇವೆ ಎಂದಷ್ಟೇ ಹೇಳುತ್ತೇವೆ.

ನನ್ನ ಗಂಡ ಬಡಗಿ. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಹೋಯಿತು, ಮಾತೂ ಮುಕ್ಕಾಲು ಪಾಲು ಹೋಯಿತು. ಒಂದು ವರ್ಷ ಅವರು ಗೋಡೆ ನೋಡುತ್ತಾ ಕುಳಿತಿದ್ದರು. ಅವರ ಎಡಗೈಗೆ ಸುತ್ತಿಗೆ ಹಿಡಿಸಿದ್ದು ಈ ತೋಟ. ಈಗ ಜೇಡಿಮಣ್ಣಿನಲ್ಲಿ ಮುಖಗಳನ್ನು ಮಾಡುತ್ತಾರೆ. ಎಲ್ಲಾ ಮುಖಗಳೂ ನನ್ನ ಹಾಗೆಯೇ ಸಿಡುಕಾಗಿವೆ ಎಂದು ಟೀಚರು ಹೇಳುತ್ತಾರೆ, ನಾನು ಒಪ್ಪಿಲ್ಲ. ಈ ವಿಷಯ ಕೇಸಿಗೆ ಸಂಬಂಧವಿಲ್ಲ ಎಂದು ಠಾಣೆಯ ರೈಟರ್ ಹೇಳಿದರು. ಸಂಬಂಧ ಇರುವುದೇ ಇದಕ್ಕೆ, ಬರೆದುಕೊಳ್ಳಿ ಎಂದೆ. ಬರೆದುಕೊಂಡಿದ್ದಾರೆ.

ಹತ್ತು ವಾರದ ಹಿಂದೆ ನಗರಾಡಳಿತದ ಇಂಜಿನಿಯರು ಅಳತೆ ಪಟ್ಟಿ ಹಿಡಿದು ಬಂದರು. ಜಾಗಕ್ಕೆ ಕಾಂಕ್ರೀಟ್ ಹಾಕಿ ಕಾರು ನಿಲ್ಲಿಸಲು ಬಿಡುವುದಾಗಿ ತಿಳಿಸಿದರು. ಇಲ್ಲಿ ಗಿಡ ಬೆಳೆಯುತ್ತಿದೆಯಲ್ಲ ಎಂದು ಕೇಳಿದ್ದಕ್ಕೆ, ಅದು ನೀವು ಹೊರಗಿನಿಂದ ತಂದು ಸುರಿದ ಮಣ್ಣಿನ ಪುಣ್ಯ, ಕೆಳಗಿನದಕ್ಕೆ ಜೀವವೇ ಇಲ್ಲ ಎಂದರು. "ಇದು ಸತ್ತ ಮಣ್ಣು ಕಣಮ್ಮಾ, ಹುಳ ಕೂಡ ಬದುಕಲ್ಲ. ಜೀವ ಇದೆ ಅಂತ ತೋರ್ಸಿ, ಬಿಟ್ಬಿಡ್ತೀವಿ" ಎಂದು ನಗುತ್ತಾ ಹೇಳಿದರು. ಆ ನಗು ನನ್ನ ಮೈಯೆಲ್ಲ ಉರಿಸಿತು. ವಿಚಾರಣೆಯನ್ನು ಈ ಶುಕ್ರವಾರ ಹನ್ನೊಂದು ಗಂಟೆಗೆ ಇಟ್ಟಿದ್ದಾರೆ.

ಅದಕ್ಕೆ ಟೀಚರು ಒಂದು ದಾರಿ ಹೇಳಿದರು. ಶುದ್ಧ ಹತ್ತಿಯ ಬಟ್ಟೆಯನ್ನು ಮಣ್ಣಿನಲ್ಲಿ ಹೂತು ಎರಡು ತಿಂಗಳು ಬಿಡಬೇಕು. ಮಣ್ಣಿನಲ್ಲಿ ಜೀವವಿದ್ದರೆ ಅದು ಬಟ್ಟೆಯನ್ನು ತಿಂದು ಹಾಕುತ್ತದೆ, ಇಲ್ಲದಿದ್ದರೆ ಬಟ್ಟೆ ಹೂತ ಹಾಗೇ ಹೊರಗೆ ಬರುತ್ತದೆ. ವಿಚಾರಣೆಯ ದಿನ ಎಲ್ಲರ ಎದುರಿಗೆ ಅಗೆದು ತೆಗೆಯುವುದೆಂದು ತೀರ್ಮಾನವಾಯಿತು.

ಮೂರು ಬಟ್ಟೆ ನಾನೇ ಕೊಟ್ಟೆ. ಮೊಮ್ಮಗಳು ನಾಲ್ಕು ವರ್ಷದವಳಿದ್ದಾಗ ನಾನು ಹೊಲಿದ ಫ್ರಾಕು, ನನ್ನ ಗಂಡನ ಅಂಗಿ, ಒಂದು ದಿಂಬಿನ ಚೀಲ. ಇಲ್ಲಿ ನಮ್ಮಿಂದ ಒಂದು ಎಡವಟ್ಟಾಗಿದೆ, ಒಪ್ಪುತ್ತೇನೆ. ಬೇರೆ ಯಾರೇ ಆಗಿದ್ದರೂ ಬಿಳಿ ಬಟ್ಟೆಯನ್ನು ಬಿಳಿಯಾಗಿಯೇ ಹೂಳುತ್ತಿದ್ದರು. ನಮ್ಮವರ ಕೈ ಸುಮ್ಮನಿರಬೇಕಲ್ಲ! ಬರೀ ಬಟ್ಟೆ ಹಾಕಿದರೆ ಚೆನ್ನಾಗಿರುವುದಿಲ್ಲವೆಂದು ಕೆಂಪು ಹೂವಿನ ಎಸಳು, ಬೀಟ್‌ರೂಟ್ ಚೂರು ಇಟ್ಟು ಬಡಿದರು. ಫ್ರಾಕಿನ ಎದೆಯ ಭಾಗವೆಲ್ಲ ಕೆಂಪಾಯಿತು. ಒಂಬತ್ತು ವಾರದ ಹಿಂದಿನ ಭಾನುವಾರ ಸಂಜೆ ಐದಕ್ಕೆ, ನಾವು ತಂದ ಮಣ್ಣು ಸೋಕದ ಮೂಲೆಯಲ್ಲಿ, ಒಂದೊಂದು ಅಡಿ ಆಳಕ್ಕೆ ಮೂರನ್ನೂ ಹೂತೆವು. ಗುರುತಿಗೆಂದು ಮೂರರ ಮೇಲೂ ನನ್ನ ಗಂಡ ಒಂದೊಂದು ಮಣ್ಣಿನ ಮುಖ ಇಟ್ಟರು. ಯಾರೋ ಸುತ್ತ ಹೂವಿನ ಸಸಿಯನ್ನೂ ನೆಟ್ಟರು. ಈಗ ಯೋಚಿಸಿದರೆ ಅದು ಏನಾಗಿ ಕಾಣುತ್ತಿತ್ತು ಎಂದು ನನಗೂ ಅರ್ಥವಾಗುತ್ತದೆ.

ಇದನ್ನೆಲ್ಲ ಲಾಂಡ್ರಿಯ ಪಕ್ಕದ ಮನೆಯ ಎರಡನೇ ಮಹಡಿಯವರು ನೋಡಿದ್ದಾರೆ. ಅವರನ್ನು ನಾವು ಕಿಟಕಿ ಮಾವ ಎನ್ನುತ್ತೇವೆ, ಏಕೆಂದು ಬೇರೆ ಹೇಳಬೇಕಿಲ್ಲ. ಅವತ್ತಿನಿಂದಲೇ ಅವರಿಗೆ ಅನುಮಾನವಿತ್ತಂತೆ. ನಿನ್ನೆ ಸಂಜೆ ಒಂದು ನಾಯಿ ಆ ಮೂಲೆ ಕೆದರಿ, ಸಣ್ಣ ಫ್ರಾಕಿನ ಗುಂಡಿಗಳು ಹೊರಗೆ ಬಂದಾಗ ಅವರು, ಮಗುವನ್ನು ಕೊಂದು ಹೂತಿದ್ದಾರೆ ಎಂದು ದೂರು ಕೊಟ್ಟರು.

ಈ ದಿನ ಬೆಳಿಗ್ಗೆ ಏಳು ಹತ್ತಕ್ಕೆ ಇನ್ಸ್‌ಪೆಕ್ಟರು ನಾಲ್ಕು ಜನ ಪೇದೆಗಳೊಂದಿಗೆ ಬಂದು ಹಳದಿ ಪಟ್ಟಿ ಕಟ್ಟಿದರು. ನಾನು ಚಪ್ಪಲಿಯೂ ಇಲ್ಲದೆ ಮೆಟ್ಟಿಲಿಳಿದು ಓಡಿದೆ. ಶುಕ್ರವಾರದವರೆಗೆ ಮುಟ್ಟಬೇಡಿ ಎಂದು ಕೈ ಮುಗಿದೆ. ಶುಕ್ರವಾರ ಏನು ವಿಶೇಷ ಎಂದು ಕೇಳಿ ನನ್ನ ಮೇಲೆಯೇ ಅನುಮಾನಪಟ್ಟರು. ನನ್ನ ಗಂಡ ಅಡ್ಡ ಬಂದು ನಿಂತರು, ಪೇದೆಗಳು ಅವರನ್ನು ಪಕ್ಕಕ್ಕೆ ಸರಿಸಿದರು. ಆಗ ಎಲ್ಲಾ ಮುಗಿಯಿತು ಎಂದುಕೊಂಡೆ. ಅವರು ಮತ್ತೆ ಗೋಡೆಯ ಮುಂದೆ ಕೂರುವುದು ಕಣ್ಣಿಗೆ ಕಟ್ಟಿತು. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಫ್ರಾಕು ಬಂತು. ಫ್ರಾಕು ಎನ್ನಬೇಕೋ ಬೇಡವೋ ತಿಳಿಯದು. ಬಟ್ಟೆ ಇರಲಿಲ್ಲ. ನಾನು ಹಾಕಿದ ನೈಲಾನ್ ದಾರದ ಹೊಲಿಗೆ, ಸೊಂಟದ ಎಲಾಸ್ಟಿಕ್, ಆರು ಗುಂಡಿ, ಅಲ್ಲಲ್ಲಿ ಕೆಂಪು ಕಲೆಯ ಚಿಂದಿ, ಇಷ್ಟೇ. ಪೇದೆ ಎರಡು ಕೋಲಿನಿಂದ ಎತ್ತಿ ಹಿಡಿದಾಗ ಬರೀ ಹೊಲಿಗೆಯ ಗೆರೆಗಳು ಫ್ರಾಕಿನ ಆಕಾರದಲ್ಲಿ ತೂಗಾಡಿದವು. ನಲವತ್ತು ವರ್ಷ ಹೊಲಿದಿದ್ದೇನೆ, ನನ್ನ ಕೈಕೆಲಸ ಇಷ್ಟು ಸ್ಪಷ್ಟವಾಗಿ ನನಗೇ ಕಂಡಿರಲಿಲ್ಲ. ಅಂಗಿಯದೂ ಅದೇ ಕಥೆ, ಕಾಲರಿನ ಒಳಪಟ್ಟಿಯೊಂದು ಉಳಿದಿತ್ತು.

ಇನ್ಸ್‌ಪೆಕ್ಟರು ಅದನ್ನು ನೋಡಿ, "ಇದು ಈಗಿನದಲ್ಲ ಕಣ್ರೀ. ಹೂತು ಹತ್ತು ವರ್ಷನಾದ್ರೂ ಆಗಿರ್ಬೇಕು, ಬರ್ಕೊಳ್ಳಿ" ಎಂದು ರೈಟರಿಗೆ ಹೇಳಿದರು. ರೈಟರ್ ಬರೆದುಕೊಂಡರು. ಫೋಟೋ ತೆಗೆದರು. ಮೂರನೆಯದನ್ನು ನನ್ನನ್ನು ವಿಚಾರಿಸಿದ ಮೇಲೆ ಅಗೆದರಾಯಿತೆಂದು ಅಲ್ಲಿಗೇ ನಿಲ್ಲಿಸಿದರು. ಬೀದಿಯ ಇಬ್ಬರಿಂದ ಮಹಜರಿಗೆ ಸಹಿ ಹಾಕಿಸಿದರು. ಹತ್ತು ವರ್ಷ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಅಳು ನಿಂತಿತು.

ಹತ್ತು ಗಂಟೆಗೆ ನನ್ನನ್ನೂ ನನ್ನ ಗಂಡನನ್ನೂ ಠಾಣೆಗೆ ಕರೆತಂದು, ಈ ಫ್ರಾಕು ಹಾಕಿಕೊಂಡಿದ್ದ ಮಗು ಎಲ್ಲಿ ಎಂದು ಕೇಳಿದರು. ಫೋನು ಮಾಡಿಸಿದೆ. ಅರ್ಧ ಗಂಟೆಯಲ್ಲಿ ಮೊಮ್ಮಗಳು ಸೈಕಲ್ಲಿನಲ್ಲಿ ಬಂದಳು. ವಯಸ್ಸು ಹದಿನೇಳು, ನನಗಿಂತ ಒಂದು ಗೇಣು ಎತ್ತರ. "ಸತ್ತಿರೋ ಮಗು ನಾನೇ ಸಾರ್" ಎಂದು ಮೇಜಿನ ಮುಂದೆ ನಿಂತಳು. ಇನ್ಸ್‌ಪೆಕ್ಟರು ಅವಳನ್ನೂ ಆ ದಾರದ ಗಂಟನ್ನೂ ನೋಡಿ ನೀರು ಕುಡಿದರು. ಬೆಂಚಿನ ಮೇಲಿದ್ದ ಕಿಟಕಿ ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮನೆಗೆ ಹೋಗಬಹುದು ಎಂದು ನನಗೆ ಹೇಳಿದರು. ಹೋಗುವುದಿಲ್ಲ, ನನ್ನ ಹೇಳಿಕೆ ಬರೆದುಕೊಳ್ಳಿ ಎಂದೆ.

ಮಹಜರಿನಲ್ಲಿ ಬರೆದಿರುವ ಹತ್ತು ವರ್ಷವನ್ನು ಯಾರೂ ತಿದ್ದಬಾರದು. ನಮ್ಮ ಮಣ್ಣು ಒಂಬತ್ತು ವಾರ ಎರಡು ದಿನದಲ್ಲಿ ಮಾಡಿದ ಕೆಲಸ ಇನ್ಸ್‌ಪೆಕ್ಟರ ಕಣ್ಣಿಗೆ ಹತ್ತು ವರ್ಷದ ಕೆಲಸವಾಗಿ ಕಂಡಿದೆ. ಅದರ ದೃಢೀಕೃತ ನಕಲು ನನಗೆ ಬೇಕು. ಬಟ್ಟೆ ಹೂತ ದಿನ ಮತ್ತು ಗಂಟೆ ಕಿಟಕಿ ಮಾವನ ದೂರಿನಲ್ಲೇ ಇದೆ. ಅಲ್ಲಿಂದೀಚೆಗೆ ಆ ಜಾಗವನ್ನು ಮನುಷ್ಯರು ಯಾರೂ ಮುಟ್ಟಿಲ್ಲ ಎಂದೂ ಅವರೇ ಬರೆಸಿದ್ದಾರೆ. ಅಂಥ ಕಾವಲುಗಾರ ಸಂಬಳ ಕೊಟ್ಟರೂ ನಮಗೆ ಸಿಗುತ್ತಿರಲಿಲ್ಲ. ಅವರ ಮೇಲೆ ಯಾವ ಕ್ರಮವೂ ಬೇಡ. ಶುಕ್ರವಾರ ಬಂದು ಅದೇ ಮಾತನ್ನು ಇಂಜಿನಿಯರಿಗೆ ಹೇಳಲಿ, ಭಾನುವಾರ ತೋಟಕ್ಕೆ ಬಂದು ಗುದ್ದಲಿ ಹಿಡಿಯಲಿ.

ದಿಂಬಿನ ಚೀಲ ಇನ್ನೂ ಮಣ್ಣಿನೊಳಗೇ ಇದೆ. ನೀವು ಕಟ್ಟಿದ ಹಳದಿ ಪಟ್ಟಿಯನ್ನು ಶುಕ್ರವಾರದವರೆಗೆ ಬಿಚ್ಚಬೇಡಿ, ಇಂಜಿನಿಯರು ತಮ್ಮ ಕೈಯಾರೆ ಅಗೆದು ನೋಡಲಿ. ಬಿಚ್ಚಿದರೆ ನಾನೇ ಅಲ್ಲಿ ಚಾಪೆ ಹಾಸಿಕೊಂಡು ಮಲಗುತ್ತೇನೆ. ಇದು ಬೆದರಿಕೆಯೇ ಎಂದು ರೈಟರ್ ಕೇಳಿದರು. ಹೌದು ಎಂದೆ.

ಇಷ್ಟೂ ನಾನು ಕಂಡದ್ದು, ನಾನು ಮಾಡಿದ್ದು. ಓದಿಸಿ ಕೇಳಿದ್ದೇನೆ, ಒಂದಕ್ಷರ ಸುಳ್ಳಿಲ್ಲ.

ಸ್ಥಳ: ಠಾಣೆ. ದಿನ: ವಿಚಾರಣೆಗೆ ಮೂರು ದಿನ ಮುಂಚಿನ ಮಂಗಳವಾರ.

ರುಜು: ಕತ್ತರಿಯಕ್ಕ.

ಸಾಕ್ಷಿ: ನನ್ನ ಗಂಡ. ಬಲಗೈ ಆಡುವುದಿಲ್ಲವೆಂದು ಹೆಬ್ಬೆಟ್ಟಿನ ಮಸಿ ಮುಂದಿಟ್ಟರು, ಅವರು ಅದನ್ನು ಪಕ್ಕಕ್ಕೆ ತಳ್ಳಿ ಪೆನ್ನು ಕೇಳಿದರು. ಕೆಳಗಿನ ರುಜು ಎಡಗೈಯದು. ಅಂಚಿನಲ್ಲಿರುವ ಕಲೆ ಆ ಜಾಗದ ಮಣ್ಣು, ಒರೆಸಬೇಡಿ.