ಜಡ್ಜ್ ಹೇಳಿದ ಹಿಮದ ಕಥೆ

ಅಮೆರಿಕದ ವರ್ಮಾಂಟಿನ ಕೋರ್ಟ್ ಕ್ಯಾಂಟೀನಿನಲ್ಲಿ ಲೊರೇನ್ ಕಾಫಿ ಬಗ್ಗಿಸುತ್ತಿದ್ದಳು. ಎದುರಿಗೆ, ತೀರ್ಪು ಹೇಳಲು ಊರಿನವರಿಂದಲೇ ಆರಿಸಿದ ಜ್ಯೂರಿಯ ಬಿಲ್ಲೆ ಸಿಕ್ಕಿಸಿಕೊಂಡ ಇಬ್ಬರು. ಕೊಲೆ ಕೇಸಿನ ಬಗ್ಗೆ ಹೊರಗೆ ತುಟಿ ಬಿಚ್ಚಬೇಡಿ ಎಂದು ಜಡ್ಜ್ ಎಚ್ಚರಿಸಿ ಹತ್ತು ನಿಮಿಷವೂ ಆಗಿರಲಿಲ್ಲ.

“ಅವನು ಕೊಂದಿದ್ದನ್ನ ಯಾರೂ ನೋಡಿಲ್ವಲ್ಲ, ಡೆಲ್ಮರ್?”

“ನೋಡ್ಲೇಬೇಕು ಅಂತೇನಿಲ್ಲ ಗ್ರೆಟಾ. ಜಡ್ಜ್ ಹೇಳ್ಲಿಲ್ವಾ? ಬೆಳಿಗ್ಗೆ ಎದ್ದಾಗ ಅಂಗಳದ ತುಂಬ ಹಿಮ ಇದ್ರೆ, ರಾತ್ರಿ ಹಿಮ ಬಿದ್ದಿದೆ ಅಂತಾನೇ ಅರ್ಥ.”

“ಜನ ಹಿಮದ ಮೇಲೆ ಜಾರೋ ಆ ಸ್ಕೀ ಗುಡ್ಡದಲ್ಲಿ ನಿಂದೇನು ಕೆಲ್ಸ?”

“ರಾತ್ರಿಯೆಲ್ಲ ಮೆಷಿನ್‌ನಲ್ಲಿ ಹಿಮ ಮಾಡೋದು. ಇಪ್ಪತ್ತು ವರ್ಷ ಆಯ್ತು. ಬೆಳಿಗ್ಗೆ ಬಂದೋರು ಆಕಾಶ ನೋಡಿ ಕೈ ಮುಗೀತಾರೆ, ಪೆದ್ದುಗಳು!”

“ಅದನ್ನೇ ಒಳಗೆ ಎಲ್ರಿಗೂ ಹೇಳೋ ಮಾರಾಯ! ಅನುಮಾನ ಉಳಿದ್ರೆ ಬಿಟ್ಬಿಡಿ ಅಂದಿದ್ದೂ ಅದೇ ಜಡ್ಜು.”

“ಹೇಳಿದ್ರೆ ವಾದ ಬೆಳೆದು ಶನಿವಾರದವರೆಗೂ ಇಲ್ಲೇ ಕೊಳೀಬೇಕು. ನಾಳೆ ನಂಗೆ ಡ್ಯೂಟಿ ಇದೆ. ಅವನು ಜೀವಮಾನ ಪೂರ್ತಿ ಜೈಲಲ್ಲಿರ್ಲಿ ಬಿಡು, ನಮಗೇನು?”

ಲೊರೇನ್ ಲೋಟ ಚಾಚಿದಳು. “ತಗೊಳಪ್ಪ, ಈಗಷ್ಟೇ ಮಾಡಿದ್ದು.”

ಡೆಲ್ಮರ್ ಮೂಸಿ ನೋಡಿ ಲೋಟವನ್ನು ವಾಪಸ್ ತಳ್ಳಿದ.

“ನೀನು ಮಾಡಿದ್ದನ್ನ ನಾನು ನೋಡಿದ್ನಾ? ನನ್ನ ಕಣ್ಣೆದುರಿಗೇ ಹೊಸದಾಗಿ ಮಾಡಮ್ಮ.”

ಕೊನೆಯ ಹನಿ ಬೀಳುವವರೆಗೂ ರೆಪ್ಪೆ ಬಡಿಯದೆ ನೋಡಿ, ಲೋಟ ಹಿಡಿದು, ತೀರ್ಪು ಕೊಡಲು ಮೆಟ್ಟಿಲು ಹತ್ತಿದ.