ಇಬ್ಬರೂ ಇರುವ ಫೋಟೊ

ಶಿವಾಜಿನಗರದ ಕೌಟುಂಬಿಕ ನ್ಯಾಯಾಲಯದಲ್ಲಿ, ನನ್ನ ಎದುರಿನ ಬೆಂಚಿನ ಮೇಲೆ ವಿಚ್ಛೇದನ ಕೇಳಿ ಬಂದ ಗಂಡ ಹೆಂಡತಿ ಕೂತಿದ್ದರು.

"ಒಂದು ವಾರ ಜೋಡಿ ತಿರಗಾಡಿ ಬರ್ರಿ ಅಂತ ಕಳಿಸಿದ್ರಲ್ಲ ಕೌನ್ಸೆಲರ್ ಮೇಡಂ, ಈಗ ಫೋಟೊ ಕೇಳ್ತಾರ್ರಿ."

ಅವನು ಫೋನ್ ತೆಗೆದು ತೋರಿಸಿದ. "ಅದಾವಲ್ಲ, ಪನ್ಹಾಳಾ ಕ್ವಾಟಿದು, ಕೊಲ್ಹಾಪುರದ ಅರಮನಿದು, ತ್ವಾಟದ್ದು."

"ಎಲ್ಲಾದ್ರಾಗೂ ನಾ ಒಬ್ಬಾಕಿನ, ಇಲ್ಲಾ ನೀವೊಬ್ರ."

"ಇಬ್ಬರದೂ ತಗೀರಿ ಅಂತ ಯಾರಿಗೂ ಕೇಳಲೇ ಇಲ್ಲ ನಾವು."

"ಹೂಂ."

"ಏಳು ದಿನ ಜಗಳಾ ಆಗಲಿಲ್ಲ ಅಂತಾದ್ರೂ ಹೇಳೂಣು?"

"ಜಗಳಾ ಆಗಬೇಕಂದ್ರ ಮಾತಾಡಬೇಕಲ್ರಿ."

ಅವನು ಫೋನನ್ನು ಕಿಸೆಗೆ ಹಾಕಿಕೊಂಡ.

"ಒಮ್ಮೆ ನೀವು ಜಗಳಾ ತಗದಿದ್ರ, ನಾ ಅರ್ಜಿ ವಾಪಸ್ ತಗೋತಿದ್ದೆ."

"ನೀ ಜಗಳಾ ತಗೀತಿ ಅಂತ ನಾನೂ ಕಾದೆ, ಸುನಂದಾ."

ಒಳಗಿನಿಂದ ಅವರ ಹೆಸರು ಕೂಗಿದರು. ನಡುವೆ ಇನ್ನೊಬ್ಬರು ಹಾಯುವಷ್ಟು ಜಾಗ ಬಿಟ್ಟುಕೊಂಡು ಇಬ್ಬರೂ ಒಳಗೆ ಹೋದರು.