ಹೊಸ ಬೀಗಕ್ಕೆ ಮೂರು ಕೀ

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕತಂಗಿ ನಿಂತಿದ್ದರು. ಅಕ್ಕನ ಕೈಯಲ್ಲಿ ಬಾಗಿಲಿಗೆ ಹಾಕುವ ಹೊಸ ಬೀಗವಿತ್ತು.

"ಆ ಬ್ರಿಟಿಷ್ ಸಿನಿಮಾ ನೋಡಿ ನಿನ್ನ ತಲೆ ಕೆಟ್ಟಿದೆ ಅಕ್ಕಾ. ಬರೀ ರಕ್ತ, ಹೊಲಸು ಬೈಗುಳ."

"ಎರಡು ಸಲ ನೋಡ್ದೆ. ಏನೀಗ?"

"ಅವ್ರ ಇಂಗ್ಲಿಷು ನಿನಗೆ ಅರ್ಥ ಆಯ್ತಾ?"

"ಮಾತು ಅರ್ಧಂಬರ್ಧ. ಅವಳ ಮುಖ ಪೂರ್ತಿ ಅರ್ಥ ಆಯ್ತು. ಹೀರೋಯಿನ್ನು, ಆದ್ರೆ ಒಂದು ಚೂರು ಪೌಡರ್ ಇಲ್ಲ, ಕಣ್ಣ ಕೆಳಗೆ ಕಪ್ಪು. ಗಂಡ ರೌಡಿ. ಇವಳನ್ನ ಹೊಡೆದು ಹೋದವನು ವಾಪಸ್ ಬಂದು ಬಾಗಿಲ ಹೊರಗೆ ನಿಂತು ಅಳ್ತಾನೆ. ಆ ನಟ ಅಳೋದು ಕೇಳಿದ್ರೆ ನಾನೇ ಎದ್ದುಹೋಗಿ ಬಾಗಿಲು ತೆಗೆಯೋಣ ಅನ್ನಿಸ್ತು."

"ಅವಳು ತೆಗೆದ್ಲಾ?"

"ಇಲ್ಲ ಕಣೇ. ಚಿಲಕದ ಮೇಲೆ ಇಟ್ಟ ಕೈನ ನಿಧಾನಕ್ಕೆ ವಾಪಸ್ ತಗೊಂಡ್ಲು. ಆ್ಯಕ್ಟಿಂಗ್ ಅಂದ್ರೆ ಅದು! ನಾನು ಪ್ರತಿ ಸಲ ತೆಗೆದಿದ್ದೀನಿ."

"ಭಾವ ನಾಳೆ ಹಾಗೇ ಬಂದು ಅತ್ರೆ?"

"ಅಷ್ಟು ಚೆನ್ನಾಗಿ ಅಳೋಕೆ ನಿನ್ನ ಭಾವನಿಗೆ ಬರಲ್ಲ."

ಅಂಗಡಿಯವನು ಬೀಗದ ಜೊತೆ ಮೂರು ಕೀ ಇಟ್ಟ. ಅಕ್ಕ ಒಂದನ್ನು ತಂಗಿಗೆ ಕೊಟ್ಟು, ಉಳಿದೆರಡನ್ನೂ ತನ್ನ ಪರ್ಸಿಗೆ ಹಾಕಿಕೊಂಡಳು.

"ಭಾವನ ಕೀ?"

"ಕೇಳಿದ್ರೆ ಆ ಸಿನಿಮಾಗೆ ಕರ್ಕೊಂಡು ಹೋಗು," ಎಂದು ಅಕ್ಕ ಅಂಗಡಿಯ ಮೆಟ್ಟಿಲಿಳಿದು ನಡೆದೇಬಿಟ್ಟಳು.